ಹಾಡಿನ ಉಳಿದರ್ಧ

ಸಿಟ್ಟು ಬಂದಷ್ಟೂ ಶಂಕ್ರೆಪ್ಪ ಮಾಸ್ತರ ದನಿ ಇಳಿಯುತ್ತಿತ್ತು. ಪೂರ್ತಿ ಸಿಟ್ಟು ಬಂದರೆ ತುಟಿ ಮಾತ್ರ ಅಲುಗುತ್ತಿತ್ತು. ಆಗ ಅವರ ವಾದ್ಯದವರೆಲ್ಲ ಬೆವರುತ್ತ ಶ್ರುತಿಗೆ ಬರುತ್ತಿದ್ದರು. ಮಾಸ್ತರು ವಿಜಯಪುರದ ಕಡೆಯವರು, ಹೈದರಾಬಾದಿನ ನಾಚಾರಂ ಬಳಿಯ ಕಾರ್ಖಾನೆಯೊಂದರ ಬ್ಯಾಂಡ್ ನಡೆಸಿ ನಿವೃತ್ತರಾದವರು. ತಾರ್ನಾಕದ ಮನೆಯಂಗಳದಲ್ಲಿ ಚರ್ಚಿನ ಪಿಟೀಲು ಹುಡುಗರನ್ನೂ ಹಳೆಯ ಕ್ಲಾರಿನೆಟ್ಟಿನವರನ್ನೂ ಕೂಡಿಸಿ ಪ್ರತಿ ಭಾನುವಾರ ವಾದ್ಯವೃಂದ ನಡೆಸುತ್ತಿದ್ದರು.

ನಾನು ಅವರ ಮೇಲ್ಮನೆಯ ಬಾಡಿಗೆಯವ. ಹೈದರಾಬಾದಿನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಆ ಕಾಲದಲ್ಲಿ ಹಗಲು ಸಾಫ್ಟ್‌ವೇರ್, ಸಂಜೆ ಆಫೀಸಿನ ರಾಕ್ ಬ್ಯಾಂಡಿನಲ್ಲಿ ಗಿಟಾರ್. ಒಮ್ಮೆ ಗಿಟಾರಿಗೆ ವಯರ್ ಚುಚ್ಚುವುದನ್ನೇ ಮರೆತು ಇಡೀ ಕಾರ್ಯಕ್ರಮ ನುಡಿಸಿದೆ. ಅವತ್ತೇ ಎಲ್ಲರೂ ಬಂದು ಕೈಕುಲುಕಿದ್ದು! ಆದರೂ ಒಂದು ಹಾಡನ್ನು ನಾನೇ ಕಟ್ಟಿದ್ದೆ. ನಮ್ಮ ಮ್ಯಾನೇಜರ್, ಬ್ಯಾಂಡಿನ ಹಾಡುಗಾರ ವಿಕ್ರಾಂತ ಅದರ ಎರಡನೇ ಅರ್ಧ, ಆ ನಿಧಾನದ ಭಾಗವನ್ನು "ನಿದ್ದೆ ಬರುತ್ತೆ" ಎಂದು ನನ್ನನ್ನು ಕೇಳದೆಯೇ ಕತ್ತರಿಸಿ, ಮೊದಲರ್ಧದ ಕೊನೆಗೆ ತನ್ನದೊಂದು ಕಿರುಚಾಟ ಅಂಟಿಸಿ, ಕಂಪನಿಯ ವಾರ್ಷಿಕೋತ್ಸವದಲ್ಲಿ ತನ್ನದೇ ರಚನೆಯೆಂದು ಹಾಡಿದ. ಅದಕ್ಕೂ ಮುಂಚೆ, ಅದೇ ವೇದಿಕೆಗೆ ನಾನು ಕರೆಸಿದ್ದ ಮಾಸ್ತರ ವಾದ್ಯವೃಂದವನ್ನು ನಡುವೆಯೇ ನಿಲ್ಲಿಸಿದ್ದ: "ಬಸ್ ಅಂಕಲ್, ಅಬ್ ಅಸಲೀ ಮ್ಯೂಸಿಕ್ ಹೋನಾ!" ಸಾಕಂತೆ, ಇನ್ನು ನಿಜವಾದ ಸಂಗೀತ ಬೇಕಂತೆ.

"ಅವನ ಕಾರಿನ ಗಾಳಿ ಬಿಡೂಣ್ರಿ ಮಾಸ್ತರ," ಎಂದೆ.

"ಗಾಳಿ ನಾಳೆ ತುಂಬಿಸ್ಕೊಂತಾನ. ನಿನ್ನ ಹಾಡು ಪೂರಾ ಹೇಳು," ಎಂದರು, ಕೇಳಿಸದಷ್ಟು ಮೆಲ್ಲಗೆ.

ಕೇಳುವಾಗ ಹಲ್ಲುನೋವಿನವರಂತೆ ಮುಖ ಕಿವುಚಿದರು. "ಸಿಟ್ಟು ಛಲೋ ಐತಿ. ಆದ್ರ ಎಲ್ಲಾ ಒಬ್ಬನ ಬಾಯಾಗ ತುರುಕೀಯಲ್ಲೋ ತಮ್ಮಾ. ಹಂಚಬೇಕು."

ಹಂಚಿದರು. ಗಿಟಾರಿನ ಗುರುಗುಟ್ಟುವಿಕೆ ದೊಡ್ಡ ಪಿಟೀಲುಗಳಿಗೆ ಹೋಯಿತು, ಡ್ರಮ್ಮಿನ ಓಟ ಕ್ಲಾರಿನೆಟ್ಟುಗಳಿಗೆ. ಕಿರುಚಾಟದ ಜಾಗದಲ್ಲಿ ಬರೀ ಮೌನ.

"ಅಲ್ಲಿ ಏನೂ ಇಲ್ಲೇನ್ರಿ?"

"ಅದು ಅವಂದು. ಅವನ ಬಂದು ತುಂಬ್ತಾನ."

"ನನ್ನ ಗಿಟಾರ್?"

"ದಿನಾ ನನ್ನ ತಲಿ ಮ್ಯಾಲ ನುಡಸ್ತಿ. ನಿನ್ನ ಮ್ಯಾಲೂ ನಂಗ ಸಿಟ್ಟೈತಿ. ನೀ ಕಂಚಿನ ತಾಳ ಹಿಡಿ."

ಮಿಯಾಪುರದ ಅಪಾರ್ಟ್‌ಮೆಂಟೊಂದರಲ್ಲಿ ಕನ್ನಡಿಗರ ರಾಜ್ಯೋತ್ಸವಕ್ಕೆ ನಮ್ಮ ವಾದ್ಯವೃಂದ ಹೋಯಿತು. ವಿಕ್ರಾಂತ ಅಲ್ಲಿಯ ಕಮಿಟಿಯವನು. ಮುಂದಿನ ಸಾಲಿನಲ್ಲಿ ಹೆಂಡತಿ, ಅತ್ತೆಯ ಜೊತೆ ಕೂತಿದ್ದ. ಪಿಟೀಲುಗಳು ಎಷ್ಟು ಮೃದುವಾಗಿ ಹೊರಟವೆಂದರೆ ಅವನಿಗೆ ಗುರುತೇ ಸಿಗಲಿಲ್ಲ. ಆಮೇಲೆ ಅವನ ಕಾಲು ಕುಣಿಯತೊಡಗಿತು. ಕ್ಲಾರಿನೆಟ್ಟುಗಳು ಏರಿದವು, ಮಾಸ್ತರು ಕೋಲು ಎತ್ತಿದರು, ಎಲ್ಲವೂ ನಿಂತಿತು. ಆ ಮೌನದೊಳಕ್ಕೆ ವಿಕ್ರಾಂತ ರೂಢಿಯಂತೆ ಕುರ್ಚಿಯಿಂದೆದ್ದು ಕಿರುಚಿಬಿಟ್ಟ.

ಸಭೆಯೆಲ್ಲ ತಿರುಗಿ ನೋಡಿತು. "ಇದು ನನ್ನ ಹಾಡು!" ಎಂದ.

"ಹೌದ್ರಿ? ಹಂಗಾರ ಮುಂದಿಂದು ಹೇಳ್ರಿ ಸಾಹೇಬ್ರ, ನುಡಸ್ತೀವಿ," ಎಂದರು ಮಾಸ್ತರು.

"ಇಲ್ಲಿಗೇ ಮುಗೀತು."

"ಇಲ್ರಿ. ಇನ್ನೂ ಅರ್ಧಾ ಐತಿ."

ಕಮಾನುಗಳು ತಂತಿಯ ಮೇಲೆ ಕಾದವು. ವಿಕ್ರಾಂತ ಹೆಂಡತಿಯತ್ತ, ಅತ್ತೆಯತ್ತ ನೋಡಿದ. ಮಾಸ್ತರು ನನ್ನತ್ತ ತಿರುಗಿದರು. "ನೀ ಹೇಳೋ."

ಗಾಬರಿಯಲ್ಲಿ ತಾಳ ನನ್ನ ಕಾಲ ಮೇಲೇ ಬಿತ್ತು. ನೋವಿಗೂ ಶ್ರುತಿಗೂ ನಡುವೆ ಎಲ್ಲೋ ಹಾಡತೊಡಗಿದೆ. ಎರಡನೇ ಸಾಲಿಗೆ ಪಿಟೀಲುಗಳು ನನ್ನನ್ನು ಎತ್ತಿಕೊಂಡವು. ವಿಕ್ರಾಂತ ಕೂತ. ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ಅವನ ಅತ್ತೆ. ಆ ಸದ್ದು ಇಂದಿಗೂ ನನಗೆ ಬಿಸಿ ಜಿಲೇಬಿ.

ಮರುವಾರ ಅವನು ನನ್ನನ್ನು ಪ್ರಾಜೆಕ್ಟಿನಿಂದ ಕಿತ್ತುಹಾಕಿದ. ಬೇರೆ ಕೆಲಸ ಹುಡುಕಿಕೊಂಡು ಪುಣೆಗೆ ಹೊರಟ ಬೆಳಿಗ್ಗೆ ಮಾಸ್ತರ ಕಾಲು ಮುಟ್ಟಿದೆ. ಅದೇ ಕಡೆಯ ಭೇಟಿ. ವರ್ಷ ತುಂಬುವುದರೊಳಗೆ ಅವರು ತೀರಿಹೋದ ಸುದ್ದಿ ಬಂತು. ನಾನು ಹೊರಟ ಆ ಬೆಳಿಗ್ಗೆ ಬಸಿಯಲ್ಲಿ ಚಹಾ ಆರಿಸುತ್ತಿದ್ದವರು ನನ್ನ ಗೋಳು ಕೇಳಿ ತಲೆ ಎತ್ತಿದರು.

"ಖರೇನ ಅವಂಗ ಸಿಟ್ಟು ಬಂದೈತೇನು?"

"ಭಾಳ ಬಂದೈತ್ರಿ."

"ಹಂಗಾರ ಬಿಡು," ಎಂದರು. "ಇನ್ನ ಅವನೂ ಒಂದು ಹಾಡು ಕಟ್ಟಬಹುದು."