ಬೇಳೆ ಬೇಯುವ ನೀರು

ಅಡುಗೆಮನೆಯ ನಲ್ಲಿ ತಿರುಗಿಸಿದ ಕೂಡಲೇ ಆ ವಾಸನೆ ಬಂತು. ಕೊಳೆತ ಮೊಟ್ಟೆಯ ವಾಸನೆ ಎನ್ನುತ್ತಾರೆ. ನಾನು ಮೊಟ್ಟೆ ಮುಟ್ಟುವವಳಲ್ಲ, ಆದರೂ ಅದಕ್ಕಿಂತ ಸರಿಯಾದ ಮಾತು ನನಗೂ ಸಿಗುವುದಿಲ್ಲ. ಚೆನ್ನೈ ದಾಟಿ, ಸಮುದ್ರದ ಪಕ್ಕದ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ ವಿಲ್ಲಾ ಅದು. ಬಿಳಿ ಗೋಡೆ, ಕಿಟಕಿಯ ತುಂಬ ನೀಲಿ ಸಮುದ್ರ, ನಲ್ಲಿಯಲ್ಲಿ ಮಾತ್ರ ಈ ಹೊಲಸು. ಜೊತೆಗಿದ್ದ ಏಜೆಂಟ್ ಗಡಬಡಿಸಿ ಎಲ್ಲಿಂದಲೋ ಒಂದು ಡಬ್ಬಿ ತೆಗೆದು ಮಲ್ಲಿಗೆಯ ಪರಿಮಳವನ್ನು ಬುಸ್ ಬುಸ್ ಎಂದು ಹೊಡೆದ. ಕೊಳೆತದ್ದರ ಮೇಲೆ ಮಲ್ಲಿಗೆ ಸೇರಿದರೆ ಏನಾಗುತ್ತದೆ ಎಂದು ಆ ಮಹಾಶಯನಿಗೆ ಗೊತ್ತಿದ್ದಂತಿಲ್ಲ. ನಾನು ಹೊರಗೆ ಹೋಗಿ ನಿಂತೆ.

ಹೊರಗೆ ನಿಂತಾಗ ನೆನಪಾದದ್ದು ಕ್ರೋಂಪೇಟೆಯ ನಮ್ಮ ಓನರಮ್ಮ.

ನನ್ನ ಗಂಡನ ಆಫೀಸಿನವರು ಈಗ ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದಿದ್ದಾರೆ. ಆಫೀಸು ಹತ್ತಿರ ಎಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ ಶೋಳಿಂಗನಲ್ಲೂರಿನಲ್ಲಿ ಟ್ಯಾಂಕರ್ ನೀರಿನಲ್ಲಿ ಮಿಂದುಕೊಂಡು ಬಿದ್ದಿದ್ದೆವು. ಆ ಸುದ್ದಿ ಬಂದಾಗಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಇವರ ಸಹೋದ್ಯೋಗಿಗಳು ದಿನಕ್ಕೊಂದು ಫೋಟೋ ಕಳಿಸುತ್ತಾರೆ. ಬೆಟ್ಟದ ಮುಂದೆ ಲ್ಯಾಪ್‌ಟಾಪ್, ತೂಗುಮಂಚದ ಮೇಲೆ ಲ್ಯಾಪ್‌ಟಾಪ್, ಎಳನೀರಿನ ಪಕ್ಕ ಲ್ಯಾಪ್‌ಟಾಪ್. ಒಂದರಲ್ಲಾದರೂ ಪಾತ್ರೆ ತೊಳೆಯುವ ಸಿಂಕ್ ಕಾಣಬೇಡವೇ? ನಾನು ಮಗಳು ಹುಟ್ಟಿದಾಗಿನಿಂದ ಊಟದ ಮೇಜಿನ ಮೂಲೆಯಲ್ಲಿ ಕೂತು, ಡಾಕ್ಟರುಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುತ್ತಿದ್ದೇನೆ. ನನ್ನದನ್ನು ಯಾರೂ ಎಲ್ಲಿಂದ ಬೇಕಾದರೂ ಮಾಡುವ ಕೆಲಸ ಎಂದು ಕೊಂಡಾಡಲಿಲ್ಲ. ಮನೆಯಲ್ಲೇ ಇರುತ್ತಾಳೆ ಅಂದರು, ಅಷ್ಟೆ. ಮಗಳನ್ನು ಕೇಳಿದರೆ, ತನಗೆ ಹಾಸ್ಟೆಲ್ ಇದೆ, ನೀವು ಎಲ್ಲಾದರೂ ಇರಿ ಎಂದು ತಮಿಳಿನಲ್ಲಿ ಹೇಳಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಉಳಿದವಳು ನಾನು. ನನ್ನನ್ನು ಕೇಳುವ ಮೊದಲೇ ಇವರು ಸಮುದ್ರವನ್ನು ಆರಿಸಿಯಾಗಿತ್ತು.

ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ಕ್ರೋಂಪೇಟೆಯಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಮಹಡಿಯ ಮೇಲೆ ನಾವು, ಕೆಳಗೆ ಓನರಮ್ಮ. ದಾವಣಗೆರೆ ಕಡೆಯ ಲಿಂಗಾಯತರು, ಮದರಾಸಿಗೆ ಬಂದು ಆಗಲೇ ಬಹಳ ಕಾಲವಾಗಿತ್ತು. ಅವರ ಯಜಮಾನರು ಚರ್ಮ ಹದ ಮಾಡುವ ಟ್ಯಾನರಿಗಳಿಗೆ ಸುಣ್ಣ ಮತ್ತು ಏನೇನೋ ರಾಸಾಯನಿಕ ಸರಬರಾಜು ಮಾಡುತ್ತಿದ್ದರು. ತೊಗಲಿನ ಕೂದಲು ಉದುರಿಸುವ ಆ ರಾಸಾಯನಿಕದ್ದೇ ಈ ವಾಸನೆ. ಗಾಳಿ ತಿರುಗಿದರೆ ಸಾಕು, ನಾವು ಮಹಡಿಯಲ್ಲಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಬೋರ್ ನೀರಿನಲ್ಲೂ ಅದರ ಛಾಯೆ ಇತ್ತು. ಕೆಲವು ದಿನದಲ್ಲಿ ಮೂಗಿಗೆ ರೂಢಿಯಾಗುತ್ತದೆ ಎಂದು ಬೀದಿಯವರೆಲ್ಲ ಸಮಾಧಾನ ಹೇಳುತ್ತಿದ್ದರು. ಶುದ್ಧ ಸುಳ್ಳು. ರೂಢಿಯಾಗುವುದು ಮೂಗಿಗಲ್ಲ, ಬಾಯಿಗೆ. ಹೇಳಿ ಹೇಳಿ ಸಾಕಾಗಿ ಸುಮ್ಮನಾಗುತ್ತೇವೆ.

ಓನರಮ್ಮ ಮಾತ್ರ ಸುಮ್ಮನಾಗಿರಲಿಲ್ಲ. ಯಜಮಾನರ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ, ಬೇರೆ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಸೀರೆಗಳ ಮಡಿಕೆಯಲ್ಲಿ ಕರ್ಪೂರ ಇಟ್ಟು, ಉಡುವ ಮೊದಲು ಸೆರಗನ್ನು ಮೂಸಿ ಮೂಸಿ ನೋಡುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಹೇಸಿಗೆಯಾಗಿದ್ದದ್ದು ಬೆಳಗಿನ ಪೂಜೆಯ ನೀರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಈ ನಾತದ ನೀರು ಹೇಗೆ ಎರೆಯಲಿ ಎಂದು, ಕ್ಯಾನ್ ನೀರು ತಂದು ಒಂದು ತಾಮ್ರದ ಚೊಂಬಿನಲ್ಲಿ ಬೇರೆಯೇ ಮುಚ್ಚಿಡುತ್ತಿದ್ದರು. ಊರಿನಿಂದ ಬಂದ ನೆಂಟರು ಬಾಗಿಲಲ್ಲೇ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರೆ ಓನರಮ್ಮನ ಮುಖ ಕೆಂಪಾಗುತ್ತಿತ್ತು. ಅವರು ಹೋದ ಮೇಲೆ, ಒಂದು ದಿನ ಕರವಸ್ತ್ರ ಹಿಡಿಯುವವರಿಗೆ ಏನು ಗೊತ್ತು ಎಂದು ನನ್ನ ಹತ್ತಿರ ಬೈಯುತ್ತಿದ್ದರು.

ಅಲ್ಲಿಂದ ಹೊರಗೆ ಹೋಗಬೇಕು ಎನ್ನುವುದೊಂದೇ ಅವರ ಆಸೆ. ಯಜಮಾನರದು ಒಂದೇ ಉತ್ತರ. ವ್ಯಾಪಾರ ಇಲ್ಲಿದೆ, ಟ್ಯಾನರಿಯವರು ಕರೆದ ಕೂಡಲೇ ಹೋಗಿ ನಿಲ್ಲಬೇಕು, ದೂರ ಹೋದರೆ ಹೊಟ್ಟೆಗೇನು? ಆದರೂ ಓನರಮ್ಮ ಮನೆ ಹುಡುಕುವುದನ್ನು ಬಿಟ್ಟಿರಲಿಲ್ಲ. ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಪುಟ್ಟ ಅಲ್ಯೂಮಿನಿಯಂ ಪಾತ್ರೆ, ಒಂದು ಹಿಡಿ ತೊಗರಿಬೇಳೆ.

ಯಾವ ಮನೆಗೆ ಹೋದರೂ ಅವರು ಕೋಣೆ ನೋಡುತ್ತಿರಲಿಲ್ಲ. ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಆ ಮನೆಯ ನೀರಿನಲ್ಲೇ ಬೇಳೆ ತೊಳೆದು, ಆ ಮನೆಯ ಒಲೆಯ ಮೇಲೆಯೇ ಇಡುತ್ತಿದ್ದರು. ಗಡಸು ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲವಲ್ಲ, ಅವರಿಗೆ ಅದೇ ಪರೀಕ್ಷೆ. ಕುಕ್ಕರ್ ಕೂಡದು, ಅದರೊಳಗೆ ಇಟ್ಟರೆ ಕಲ್ಲೂ ಬೇಯುತ್ತದೆ ಎನ್ನುತ್ತಿದ್ದರು. ಚಿಟಿಕೆ ಸೋಡ ಹಾಕಿ ಎಂದು ಮನೆಯವರು ಯಾರಾದರೂ ಹೇಳಿದರೋ, ಆ ಮನೆ ಅಲ್ಲಿಗೆ ಮುಗಿಯಿತು. ಸೋಡ ಹಾಕುವುದೆಂದರೆ ನೀರಿನ ಕಾಲಿಗೆ ಬಿದ್ದ ಹಾಗೆ ಎಂದು ಅವರ ಲೆಕ್ಕ. ಬ್ರೋಕರುಗಳು ದೂರದಿಂದ ಆ ಚೀಲ ಕಂಡರೆ ಓಣಿ ಬದಲಿಸುತ್ತಿದ್ದರು. ನನಗೆ ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ, ಗಾಳಿ ಬೆಳಕು ನೋಡುವುದು ಬಿಟ್ಟು ಇದೇನು ಅಂತ.

"ಗ್ವಾಡಿಗೆ ಪೇಂಟ್ ಹೊಡೀತಾರವ್ವ. ತಣ್ಣಿಗೆ ಏನ್ ಹೊಡೀತಾರ?" ಅಂದರು. ಮದರಾಸಿನಲ್ಲಿದ್ದು ಇದ್ದು ನೀರು ಅವರ ಬಾಯಲ್ಲಿ ತಮಿಳಿನ ತಣ್ಣಿಯಾಗಿತ್ತು.

ಕುದಿದ ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ನಾಲ್ಕು ಕಾಳನ್ನು ನನ್ನ ಅಂಗೈಗೂ ಹಾಕುತ್ತಿದ್ದರು. ನಾನು ಬಾಯಿಗೆ ಹಾಕಿಕೊಂಡು ಇಲ್ಲ ಎಂದು ತಲೆಯಾಡಿಸಬೇಕು. ಚೀಲ ಎತ್ತಿಕೊಂಡು ಇಬ್ಬರೂ ಟ್ರೈನ್ ಹಿಡಿಯಬೇಕು... ಎಷ್ಟು ಭಾನುವಾರಗಳು ಹಾಗೆ ಕಳೆದವೋ.

ಕೊನೆಗೆ ಸಿಕ್ಕಿತು. ಕೀಲ್ಪಾಕ್‌ನಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯೊಂದರಲ್ಲಿ ಒಂದು ಹಳೆಯ ಮನೆ. ಗೋಡೆಯ ಸುಣ್ಣ ಉದುರಿತ್ತು, ಹಿತ್ತಲಲ್ಲಿ ಬಾವಿ ಇತ್ತು. ಬೇಳೆ ಇಟ್ಟು ಆ ಮನೆಯವರೊಡನೆ ಎರಡು ಮಾತಾಡುವಷ್ಟರಲ್ಲಿ ಅದು ಕರಗಿ ಬೆಣ್ಣೆಯಾಗಿತ್ತು. ಓನರಮ್ಮ ಅದಕ್ಕೆ ಒಂದು ಹರಳು ಉಪ್ಪು ಹಾಕಿಸಿಕೊಂಡು, ನಿಂತಲ್ಲೇ ಪಾತ್ರೆಯಿಂದ ಕುಡಿದರು. ನನಗೂ ಕೊಟ್ಟರು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆ ಹೊತ್ತಿಗೆ ಅವರ ಯಜಮಾನರ ಕೈಗೆ ಮೊಬೈಲ್ ಬಂದಿತ್ತು. ಈಗ ಎಲ್ಲವೂ ಫೋನಿನಲ್ಲೇ, ಆರ್ಡರೂ ಫೋನಿನಲ್ಲೇ, ಲಾರಿಯೂ ಫೋನಿನಲ್ಲೇ, ಹಿಮಾಲಯದಲ್ಲಿ ಕೂತರೂ ನನ್ನ ವ್ಯಾಪಾರ ನಡೆಯುತ್ತದೆ ಎಂದು ಬೀದಿಗೆಲ್ಲ ಕೇಳುವಂತೆ ಜಂಭ ಕೊಚ್ಚುತ್ತಿದ್ದರು. ಹಳೆಯ ನೆಪ ಹೋಯಿತಲ್ಲ ಎಂದು ಓನರಮ್ಮನಿಗೆ ಹಿಗ್ಗು. ಅವರನ್ನು ಕೀಲ್ಪಾಕ್‌ಗೆ ಕರೆದುಕೊಂಡು ಹೋದೆವು. ಮನುಷ್ಯ ಫೋನಿನಲ್ಲಿ ಮಾತಾಡುತ್ತಲೇ ಮನೆಯನ್ನು ಒಂದು ಸುತ್ತು ಹಾಕಿದರು. ಹೆಂಡತಿ ತಂದುಕೊಟ್ಟ ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ. ಫೋನ್ ಮುಗಿಸಿ ಬಂದು ಹೇಳಿದ್ದು ಇಷ್ಟು:

"ನಂದು ಎಲ್ಲಿಂದ ಬೇಕಾದ್ರೂ ನಡೀತದ ಅಂದಮ್ಯಾಲ, ಇಲ್ಲಿಂದನೂ ನಡೀತದ, ಕ್ರೋಂಪೇಟೆಯಿಂದನೂ ನಡೀತದ. ಮತ್ತ್ಯಾಕ ಬದಲಿ ಮಾಡಾದು?"

ಇಂಥ ಕೊಳಕು ತರ್ಕವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಹೋಗುವ ಹಾಗಿಲ್ಲದಾಗ ಹೋಗುವ ಹಾಗಿಲ್ಲ ಎಂದರು. ಹೋಗಬಹುದಾದಾಗ ಹೋಗಬೇಕಾಗಿಲ್ಲ ಎಂದರು. ನನಗೆ ಅಲ್ಲೇ ಥೂ ಎನ್ನಬೇಕು ಅನ್ನಿಸಿತ್ತು. ಓನರಮ್ಮ ಕಿಟಕಿಯ ಮೇಲಿದ್ದ ಲೋಟದ ನೀರನ್ನು ತಾವೇ ಕುಡಿದು, "ಶರಿ ಬಿಡವ್ವ, ಹೋಗಾನ" ಎಂದು ನನ್ನ ತೋಳು ಹಿಡಿದುಕೊಂಡರು.

ಕೆಲವು ದಿನಗಳ ಮೇಲೆ ಉಪ್ಪು ಕೇಳಲು ಕೆಳಗೆ ಹೋದಾಗ ನೋಡಿದೆ. ಬೇಳೆಯ ಪಾತ್ರೆಗೆ ಚಿಟಿಕೆ ಸೋಡ ಉದುರಿಸುತ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು, ನನ್ನ ಕಡೆ ತಿರುಗಲಿಲ್ಲ. ಒಳಗೆ ಊಟಕ್ಕೆ ಕೂತಿದ್ದ ಯಜಮಾನರು, ಇತ್ತೀಚೆಗೆ ಬೇಳೆ ಚೆನ್ನಾಗಿ ಬೇಯುತ್ತಿದೆ, ನೀರು ಸುಧಾರಿಸಿತು ಎಂದು ಕೂಗಿ ಹೇಳಿದರು.

ನಾವು ಶೋಳಿಂಗನಲ್ಲೂರಿಗೆ ಬಂದ ಮೇಲೆ ಹಬ್ಬಕ್ಕೊಮ್ಮೆ ಫೋನ್, ಅಪರೂಪಕ್ಕೊಮ್ಮೆ ಭೇಟಿ. ಆಮೇಲೆ ಅದೂ... ಒಂದು ಬೆಳಿಗ್ಗೆ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ಓನರಮ್ಮನಿಗೆ ಸ್ನಾನ ಮಾಡಿಸುತ್ತಿದ್ದರು. ಅದೇ ಹಿತ್ತಲು, ಅದೇ ನಲ್ಲಿ, ಅದೇ ನೀರು. ಊರಿನಿಂದ ಬಂದ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡೇ ಕೊಡ ಕೊಡ ಎರೆದರು. ಆಮೇಲೆ ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಯಜಮಾನರು ಬಾಗಿಲಾಚೆ ಫೋನಿನಲ್ಲಿದ್ದರು. ನಾನು ಕಾಲು ಮುಟ್ಟಲು ಬಗ್ಗಿದಾಗ ಹೂವಿನ ಕೆಳಗಿನಿಂದ ಆ ವಾಸನೆಯೇ ಬಂತು. ಅಷ್ಟು ಅಸಹ್ಯ ನನಗೆ ಜೀವನದಲ್ಲಿ ಯಾವುದರ ಮೇಲೂ ಆಗಿರಲಿಲ್ಲ, ಆಗಿಯೂ ಇಲ್ಲ.

ಅದಕ್ಕೇ ವಿಲ್ಲಾಗೆ ಎರಡನೆಯ ಸಲ, ಸಹಿ ಹಾಕಲು ಎಂದು ಇವರು ಕರೆದುಕೊಂಡು ಹೊರಟಾಗ, ನಾನು ಒಂದು ಹಿಡಿ ತೊಗರಿಬೇಳೆ ಮತ್ತು ಒಂದು ಪಾತ್ರೆಯನ್ನು ಚೀಲಕ್ಕೆ ಹಾಕಿಕೊಂಡೆ. ಏಜೆಂಟ್ ಕಾಗದ ಹರಡುತ್ತಿದ್ದಾಗ ಅಡುಗೆಮನೆಗೆ ಹೋಗಿ, ಮಿರಿಮಿರಿ ಮಿಂಚುವ ಒಲೆಯ ಮೇಲೆ ಬೇಳೆ ಇಟ್ಟೆ. ಅಡುಗೆಗೆ ಎಲ್ಲರೂ ಕ್ಯಾನ್ ನೀರೇ ತರಿಸುತ್ತಾರೆ ಮೇಡಂ, ಈ ನಲ್ಲಿಯದು ಬರೀ ಸ್ನಾನಕ್ಕೆ ಎಂದು ಏಜೆಂಟ್ ತಮಿಳಿನಲ್ಲಿ ವಿವರಿಸಿದ. ಸ್ನಾನಕ್ಕೆ ಎಂಬ ಮಾತು ಕೇಳಿ ನಾನು ಉರಿಯನ್ನು ಇನ್ನಷ್ಟು ಏರಿಸಿದೆ. ಇವರು ಬಾಲ್ಕನಿಯಲ್ಲಿ ಯಾರಿಗೋ ವಿಡಿಯೋದಲ್ಲಿ ಸಮುದ್ರ ತೋರಿಸುತ್ತಿದ್ದರು. ನೀರು ಬತ್ತಿತು, ಮತ್ತೆ ಹಾಕಿದೆ, ಮತ್ತೆ ಬತ್ತಿತು. ಬೇಳೆ ಹಾಕಿದ ಹಾಗೆಯೇ ಬಿಡಿಬಿಡಿಯಾಗಿ ನನ್ನನ್ನೇ ನೋಡುತ್ತಿತ್ತು.

ಇವರು ಒಳಗೆ ಬಂದು ಇಣುಕಿದರು. ಕೋಪವೇನಿಲ್ಲ, ನಗುತ್ತಲೇ ಹೇಳಿದರು: "ಇಷ್ಟಕ್ಕೆ ಯಾಕೆ ಒದ್ದಾಡ್ತೀಯ? ಒಂದ್ ಚಿಟಿಕೆ ಸೋಡ ಹಾಕಿದ್ರಾಯ್ತಪ್ಪ."

ಒಲೆ ಆರಿಸಿದೆ. ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಸಿಂಕಿಗೆ ಸುರಿದೆ. "ಸೋಡ ಹಾಕಲ್ಲ. ನಾನಿಲ್ಲಿ ಇರೋದೂ ಇಲ್ಲ. ನಿಮ್ಮ ಕೆಲಸ ಎಲ್ಲಿಂದ ಬೇಕಾದ್ರೂ ಆಗತ್ತಲ್ಲ, ಬೇಳೆ ಬೇಯೋ ಕಡೆಯಿಂದಾನೂ ಆಗತ್ತೆ" ಎಂದೆ. ಇವರ ನಗು ಮುಖದ ಮೇಲೆ ಹಾಗೇ ನಿಂತಿತು. ಏಜೆಂಟ್ ಕಾಗದ ಮಡಚಿದ.

ಈಗ ಭಾನುವಾರಗಳಲ್ಲಿ ಇಬ್ಬರೂ ಮನೆ ನೋಡಲು ಹೋಗುತ್ತೇವೆ. ಇವರು ಮುಖ ಗಂಟಿಕ್ಕಿಕೊಂಡೇ ಬರುತ್ತಾರೆ, ಆದರೆ ಬರುತ್ತಾರೆ. ಮೊದಲು ಹೋದದ್ದು ಕೀಲ್ಪಾಕ್‌ಗೆ. ಆ ಹಳೆಯ ಮನೆ ಇಲ್ಲ, ಬಾವಿಯ ಜಾಗದಲ್ಲಿ ಕಾರುಗಳು ನಿಂತಿವೆ, ಗೇಟಿನ ಎದುರು ಟ್ಯಾಂಕರ್ ಒಂದು ಸೋರುತ್ತಾ ನಿಂತಿತ್ತು. ಕಳೆದ ವಾರ ಬೇರೊಂದು ಬೀದಿಯ ಹಳೆಯ ಮನೆಯೊಂದರಲ್ಲಿ ಬೇಳೆ ಬೆಂದಿತು. ಬೆರಳಲ್ಲಿ ಹಿಸುಕಿದರೆ ಕರಗಿಹೋಯಿತು. ನಾಲ್ಕು ಕಾಳು ತೆಗೆದುಕೊಂಡು, ಪಕ್ಕದಲ್ಲಿ ಅಂಗೈ ಇದ್ದೇ ಇರುತ್ತದೆ ಎನ್ನುವ ಹಾಗೆ ತಿರುಗಿದೆ. ಇವರು ಹೊರಗೆ ಫೋನಿನಲ್ಲಿದ್ದರು... ಆ ಕಾಳುಗಳನ್ನು ನಾನೇ ತಿಂದೆ. ಚೆನ್ನಾಗಿ ಬೆಂದಿತ್ತು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರು ಮಾತ್ರ ಇರಲಿಲ್ಲ.