ಸಣ್ಣ ನಾಯಿಯ ಕೆಮ್ಮು

ಎರಡು ನಾಯಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಯಜಮಾನಿ ನನ್ನನ್ನು ಕೇಳಿದಾಗ ನಾನು ಸುಳ್ಳು ಹೇಳಿದೆ. ಕಾರಣಗಳು ಬೇಕಾದಷ್ಟಿವೆ. ಆದರೆ ಸುಳ್ಳು ಹೇಳಿದ್ದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕಾರಣಗಳ ಮರೆಯಲ್ಲಿ ಅದು ಸದ್ದಿಲ್ಲದೆ ಜಾರಿಕೊಳ್ಳುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚೆಂಬೂರಿನಲ್ಲಿ ಒಬ್ಬ ವಿಧವೆಯ ಬಂಗಲೆ, ಅದರ ಹಿಂದೊಂದು ತಗಡಿನ ಖೋಲಿ, ಖೋಲಿಯಲ್ಲಿ ನಾನು ಮತ್ತು ನನ್ನ ಗಂಡ. ನಾವು ಬಿಜಾಪುರದ ಕಡೆಯವರು. ಗಂಡ ಬಿಲ್ಡಿಂಗ್ ಕೆಲಸದಲ್ಲಿದ್ದರು, ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಟೊಂಕ ಮುರಿದುಕೊಂಡಿದ್ದರು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಅದೇ ದೊಡ್ಡದು. ಖೋಲಿಗೆ ಬಾಡಿಗೆ ಇರಲಿಲ್ಲ. ಅದರ ಬದಲು ನಾನು ಯಜಮಾನಿಯ ನಾಯಿಗಳನ್ನು ನೋಡಿಕೊಳ್ಳಬೇಕು.

ದೊಡ್ಡದು ಅಲ್ಸೇಷಿಯನ್, ತೀರಿಹೋದ ಸಾಹೇಬರು ತಂದದ್ದು. ಸಣ್ಣದು ಪೊಮೇರಿಯನ್, ಯಜಮಾನಿಯ ಮುದ್ದು. ದೊಡ್ಡದಕ್ಕೆ ದಿನಾ ಮಾಂಸ, ಹತ್ತು ಚಪಾತಿ, ಮೈಗೆ ಉಣ್ಣಿ ಹುಳದ ಪುಡಿ, ಎರಡು ಹೊತ್ತು ತಿರುಗಾಟ. ತವರಿನಲ್ಲಿ ಮೊಟ್ಟೆಯ ಹೆಸರೆತ್ತದೆ ಬೆಳೆದವಳು ನಾನು. ಕುರ್ಲಾ ಮಾರ್ಕೆಟ್ಟಿನಿಂದ ಎಲುಬು ತಂದು, ಮೂಗಿಗೆ ಸೆರಗು ಕಟ್ಟಿಕೊಂಡು ಬೇಯಿಸುತ್ತಿದ್ದೆ. ಸಣ್ಣದಕ್ಕೆ ಬಟ್ಟಲು ಹಾಲು, ಎರಡು ಬಿಸ್ಕೀಟು. ಕೂದಲು ಬಾಚಿದರೆ ಸಾಕು, ಮಹಾರಾಣಿಯ ಹಾಗೆ ಕೂತಿರುತ್ತಿತ್ತು. ಎಷ್ಟು ಬೈದರೂ ನನ್ನ ಸೀರೆಯ ಅಂಚನ್ನೇ ಹಿಡಿದು ಹಿಂದೆ ಬರುತ್ತಿತ್ತು.

ಆ ವರ್ಷ ಎರಡನ್ನೂ ಹುಚ್ಚುನಾಯಿ ರೋಗದ ಸೂಜಿ ಹಾಕಿಸಲು ನಾನೇ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ದೊಡ್ಡದರ ಹಿಂಗಾಲು ಹಿಡಿದು ಮಡಚಿ ನೋಡಿದರು. ಈ ಜಾತಿಗೆ ಟೊಂಕದ ಕೀಲು ಬೇಗ ಹೋಗುತ್ತದೆ, ಇದಕ್ಕೆ ಆಗಲೇ ಶುರುವಾಗಿದೆ, ಇನ್ನು ವರ್ಷ ನಡೆದರೆ ಹೆಚ್ಚು ಅಂದರು. ಸಣ್ಣದರ ಜಾತಿಗೆ ಹಲ್ಲು ಸಡಿಲ, ಗಂಟಲಿನ ಕೊಳವೆ ಮೆತ್ತಗೆ. ಕುತ್ತಿಗೆಗೆ ಪಟ್ಟಿ ಹಾಕಿ ಎಳೆಯಬೇಡಿ, ಎದೆಯ ಸುತ್ತ ಕಟ್ಟಿ, ಹಾಗೆ ನೋಡಿಕೊಂಡರೆ ಇನ್ನೂ ಹತ್ತು ವರ್ಷ ಬದುಕುತ್ತದೆ. ಇದನ್ನೆಲ್ಲ ಕೇಳಿಸಿಕೊಂಡವಳು ನಾನೊಬ್ಬಳೇ. ಮನೆಗೆ ಬಂದು ಸೂಜಿ ಹಾಕಿಸಿದೆ ಎಂದಷ್ಟೇ ಹೇಳಿದೆ. ಆಗ ಅದರಲ್ಲಿ ಮೋಸವಿರಲಿಲ್ಲ, ಮರೆತಿದ್ದೆ ಅಷ್ಟೆ.

ಸ್ವಲ್ಪ ದಿನಕ್ಕೆ ಯಜಮಾನಿ ನನ್ನನ್ನು ವರಾಂಡಕ್ಕೆ ಕರೆದರು. ಅವರು ಕಾರವಾರದ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಸಾಹೇಬರು ಹೋದ ಮೇಲೆ ಮನೆಯಲ್ಲಿ ಹಣಕಾಸು ಬಿಗಿಯಾಗಿತ್ತು.

“ಎರಡೂ ನಾಯಿ ಈಗ ಪರವಡುದಿಲ್ಲ. ಒಂದನ್ನ ಯಾರಿಗಾದ್ರೂ ಕೊಡಬೇಕು. ದೊಡ್ಡದನ್ನ ಕೊಟ್ರೆ ಸಣ್ಣದನ್ನ ನಾನೇ ನೋಡ್ಕೊಳ್ತೆ. ಆಮೇಲೆ ಆ ಖೋಲಿ ಬಾಡಿಗೆಗೆ ಹಾಕುದು. ನೀ ಎರಡನ್ನೂ ದಿನಾ ನೋಡುವವಳು. ಯಾವುದಕ್ಕೆ ರೋಗ ಜಾಸ್ತಿ, ಖರೆ ಹೇಳು.”

ಗಂಡ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರನ್ನು ಎತ್ತಿಕೊಂಡು ನಾನು ಎಲ್ಲಿಗೆ ಹೋಗಲಿ? ರೈಲ್ವೆ ಹಳಿಯ ಪಕ್ಕದ ಜೋಪಡಿಗೂ ಪಗಡಿ ಅಂತ ಮುಂಗಡ ದುಡ್ಡು ಕೇಳುವ ಊರು ಅದು. 

“ದೊಡ್ಡದು ತಿಂತದ ಖರೆರಿ ಬಾಯಾರ,” ಅಂದೆ. “ಆದ್ರ ಕಲ್ಲ ಇದ್ದಂಗ ಗಟ್ಟಿ ಅದ. ಸಣ್ಣದರದಽ ಚಿಂತಿ. ಎದಿಯೊಳಗ ಏನೋ ಕೆಟ್ಟೈತಿ, ಕೆಮ್ಮತೈತಿ. ಔಷಧಕ್ಕಽ ನಿಮ್ಮ ಮನಿ ಮಾರಬೇಕಾಗ್ತದ.”

“ನಾನು ಕೇಳಲಿಲ್ಲವಲ್ಲ ಕೆಮ್ಮು?”

ಕೇಳಿಸಿದೆ. ಮರುದಿನದಿಂದ ಸಣ್ಣದರ ಕುತ್ತಿಗೆಗೆ ಪಟ್ಟಿ ಹಾಕಿ, ವರಾಂಡದ ಎದುರು ಹಾಯುವಾಗ ಚೈನನ್ನು ಮೆಲ್ಲಗೆ ಜಗ್ಗುತ್ತಿದ್ದೆ. ಅದು ಕತ್ತು ಚಾಚಿ, ಬಾತುಕೋಳಿಯ ಹಾಗೆ ಗೊರಗೊರ ಕೆಮ್ಮುತ್ತಿತ್ತು. ಕೆಮ್ಮಿ ಮುಗಿದ ಮೇಲೆ ತಿರುಗಿ ನನ್ನನ್ನು ನೋಡಿ ಬಾಲ ಅಲ್ಲಾಡಿಸುತ್ತಿತ್ತು. ನನಗೆ ನನ್ನ ಕೈ ಕಡಿದುಕೊಳ್ಳಬೇಕು ಅನಿಸುತ್ತಿತ್ತು. ಆದರೂ ಮರುದಿನ ಜಗ್ಗುತ್ತಿದ್ದೆ.

ದೊಡ್ಡದರದು ಬೇರೆ ಕೆಲಸ. ಬೆಳಿಗ್ಗೆ ಅದಕ್ಕೆ ಏಳಲು ಆಗುತ್ತಿರಲಿಲ್ಲ. ನಮ್ಮ ಕಡೆ ಬಾಣಂತಿಯ ಟೊಂಕಕ್ಕೆ ಔಡಲೆಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಯಜಮಾನಿ ಏಳುವ ಮೊದಲೇ ನಾನು ಅದರ ಟೊಂಕಕ್ಕೆ ಹಾಗೆ ತಿಕ್ಕಿ, ಇಟ್ಟಿಗೆ ಕಾಯಿಸಿ ಶಾಖ ಕೊಟ್ಟು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಉಳಿದ ಎಣ್ಣೆ ಗಂಡನಿಗೆ.

“ಅದರ ಟೊಂಕಾ ಮೊದಲ, ನಂದು ಆಮ್ಯಾಲ. ಆಗ್ಲಿ ಬಿಡು,” ಎಂದು ಗಂಡ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಹದಿನೈದು ದಿನದಲ್ಲಿ ಯಜಮಾನಿ ಸೋತರು. ಸಣ್ಣದು ತನ್ನ ಕಣ್ಣೆದುರು ನರಳಿ ಸಾಯುವುದನ್ನು ನೋಡಲಾರೆ ಎಂದು ಅತ್ತರು. ಗ್ರಾಂಟ್ ರೋಡಿನಲ್ಲಿ ಸಾಹೇಬರ ಪರಿಚಯದ, ಕರಾವಳಿಯ ಕನ್ನಡದವರ ಒಂದು ಲಾಡ್ಜ್ ಇತ್ತು. ಅದರ ಮಾಲಕರ ಹೆಂಡತಿ ನಾಯಿ ಬೇಕು ಅಂದಿದ್ದರು. ತಲುಪಿಸುವ ಕೆಲಸವೂ ನನಗೇ ಬಂತು.

ಕೈಚೀಲದಲ್ಲಿ ಕೂರಿಸಿಕೊಂಡು, ಕುರ್ಲಾದಲ್ಲೊಮ್ಮೆ ದಾದರಿನಲ್ಲೊಮ್ಮೆ ಲೋಕಲ್ ಬದಲಿಸಿದೆ. ಅಷ್ಟು ಗದ್ದಲ, ಅಷ್ಟು ನೂಕಾಟ. ಚೆಂಬೂರಿನಿಂದ ಗ್ರಾಂಟ್ ರೋಡಿನ ತನಕ ಅದು ಒಮ್ಮೆಯೂ ಕೆಮ್ಮಲಿಲ್ಲ. ಎಳೆಯುವವರು ಯಾರೂ ಇರಲಿಲ್ಲವಲ್ಲ.

ಲಾಡ್ಜಿನ ಆ ಹೆಂಗಸು ಸಣ್ಣದನ್ನು ಕೆಳಗಿಳಿಸಿ, ಕುತ್ತಿಗೆಯ ಪಟ್ಟಿಗೆ ಚೈನು ಸಿಕ್ಕಿಸಿ, ಮೆಟ್ಟಿಲಿನ ಕಂಬಿಗೆ ಕಟ್ಟಿದಳು. ನಾನು ಹೊರಟಿದ್ದೇ ಅದು ನನ್ನತ್ತ ಎಳೆಯತೊಡಗಿತು. ಎದೆಗೆ ಕಟ್ಟಿರಿ, ಕುತ್ತಿಗೆಗೆ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅದು ಫೋನಿನಲ್ಲಿ ಯಜಮಾನಿಗೆ ಮುಟ್ಟುತ್ತದೆ, ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾರೆ. ಆ ಮಾತನ್ನು ನುಂಗಿಕೊಂಡು ಇಳಿದುಬಿಟ್ಟೆ. ಕೆಮ್ಮು ಕೆಳಗಿನ ರಸ್ತೆಯವರೆಗೆ ಕೇಳುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡದರ ಹಿಂಗಾಲುಗಳು ಪೂರ್ತಿ ಹೋದವು. ಎಣ್ಣೆ, ಇಟ್ಟಿಗೆ ಯಾವುದೂ ನಾಟಲಿಲ್ಲ. ಕಡೆಗೆ ಬೇರೊಬ್ಬ ಡಾಕ್ಟರನ್ನು ಕರೆಸಿದರು. ಅವರು ಮುಟ್ಟಿ ನೋಡಿ, ಇದು ಬಹಳ ದಿನದ್ದು ಅಂದರು. ಯಜಮಾನಿ ನನ್ನ ಮುಖ ನೋಡಿದರು. ನೋವಿಲ್ಲದೆ ಸಾಯಿಸುವ ಸೂಜಿ ಚುಚ್ಚುವಾಗ ನಾನೇ ಅದರ ತಲೆ ಹಿಡಿದುಕೊಂಡಿದ್ದೆ.

 ಮೂರನೆಯ ದಿನ ಯಜಮಾನಿ, “ಗ್ರಾಂಟ್ ರೋಡಿಗೆ ಹೋಗಿ ಸಣ್ಣದನ್ನ ವಾಪಸ್ ತಾ. ಕೆಮ್ಮಿದ್ರೂ ಅಡ್ಡಿಲ್ಲ, ನನ್ನ ಹತ್ರ ಕೆಮ್ಮಲಿ,” ಅಂದರು.

ಹೋದೆ. ಮೆಟ್ಟಿಲಿನ ಕಂಬಿಯಲ್ಲಿ ಚೈನು ಮಾತ್ರ ಇತ್ತು.

“ಅದು ಹೋಗಿ ಎರಡು ತಿಂಗಳಾಯ್ತಲ್ಲ,” ಎಂದಳು ಆ ಹೆಂಗಸು. “ಇಡೀ ದಿವಸ ಚೈನ್ ಎಳೆಯುದು, ಕೆಮ್ಮುದು. ಒಂದು ದಿನ ನಾಲಿಗೆ ನೀಲಿಯಾಯ್ತು. ನಿಮ್ಮ ಯಜಮಾನಿಗೆ ಹೇಗೆ ಹೇಳುದು ಅಂತ ಸುಮ್ಮನಿದ್ದೆವು. ಪಾಪ, ರೋಗದ ನಾಯಿ ಅಂತ ಅವರು ಮೊದಲೇ ಹೇಳಿದ್ರು.”

ನಾನು ಹೇಳಿಕೊಟ್ಟ ರೋಗ ಅದು.

ತಿರುಗಿ ಬರುವಾಗ ಲೋಕಲಿನಲ್ಲಿ ನಿಜ ಹೇಳಿಬಿಡುತ್ತೇನೆ ಎಂದು ಶಪಥ ಮಾಡಿಕೊಂಡೆ. ಯಜಮಾನಿ ಗೇಟಿನ ಹತ್ತಿರವೇ ಬಟ್ಟಲು ಹಿಡಿದು ನಿಂತಿದ್ದರು. ಬಟ್ಟಲಿನಲ್ಲಿ ಹಾಲು. ನನ್ನ ಖಾಲಿ ಚೀಲವನ್ನು ನೋಡಿದರು.

“ಅವರು ಕೊಡವಲ್ರು ಬಾಯಾರ,” ಅಂದೆ. “ಭಾಳ ಹಚ್ಚಿಕೊಂಡಾರ. ಅರಾಮ ಐತಿ.”

“ಕೆಮ್ಮು?”

“ಈಗ ಇಲ್ಲರಿ.”

ಅವರ ಮುಖ ಅರಳಿತು. ಚೆಂಬೂರಿನ ಕಾರ್ಖಾನೆಗಳ ಹೊಗೆಯ ಕಡೆ ಕೈ ತೋರಿಸಿ, “ನೋಡು, ಇಲ್ಲಿ ಹವೆಯೇ ಅದಕ್ಕೆ ಆಗ್ಲಿಲ್ಲ. ಕೊಟ್ಟದ್ದೇ ಚಲೋ ಆಯ್ತು. ನೀ ಹೇಳದಿದ್ರೆ ನಾ ಅದನ್ನ ಇಲ್ಲೇ ಇಟ್ಕೊಂಡು ಕೊಲ್ತಿದ್ದೆ,” ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. “ನೀನಾದ್ರೂ ಹೋಗಬೇಡ. ಖೋಲಿ ನಿಮಗೇ ಇರ್ಲಿ.”

ಬಟ್ಟಲಿನ ಹಾಲನ್ನು ನನ್ನ ಕೈಗೆ ಕೊಟ್ಟರು. ಅದನ್ನು ಖೋಲಿಗೆ ತಂದೆ. ಗಂಡ ಮೊಣಕೈ ಊರಿ ಎದ್ದು ಕೂತು, ಏನಂದರು ಎಂದು ಕೇಳಿದರು.

“ಖೋಲಿ ಉಳೀತು,” ಅಂದೆ.

ಅವರು ಹಾಲಿಗೆ ಕೈಮುಗಿದು ಕುಡಿದರು.