ಕತ್ತಲಲ್ಲಿ ಕೂಗಿದ ನೂರಿಪ್ಪತ್ತೈದು ಪಾಯಿಂಟ್

ನನಗೆ ಮೋಸದಾಟ ಕಂಡರೆ ಆಗುವುದಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನ ಮನೆಯಲ್ಲಿ ಕೇರಂ ಆಡುವಾಗ ಅಣ್ಣ ಕೈಯನ್ನು ಗೆರೆ ದಾಟಿಸಿದರೆ ಬೋರ್ಡನ್ನೇ ಎತ್ತಿ ಬಿಸಾಡುತ್ತಿದ್ದೆ. ಈಗ ಅಮೆರಿಕದ ಪ್ಲೇನೋ ಊರಿನ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತೇನೆ. ನನ್ನ ಇನ್ನೊಂದು ಗುಣವನ್ನು ಹೇಳಿಕೊಳ್ಳಲು ಅಷ್ಟು ಇಷ್ಟವಿಲ್ಲ. ನನಗೆ ತಾಳ್ಮೆ ಇಲ್ಲ. ಪಕ್ಕದ ಫ್ರಿಸ್ಕೋದಲ್ಲಿ ನಡೆಯುವ ಯುಗಾದಿ ಕ್ವಿಜ್‌ನಲ್ಲಿ ಪ್ರಶ್ನೆ ಅರ್ಧ ಆಗುವಷ್ಟರಲ್ಲಿ ಬೆಲ್ ಒತ್ತಿ, ತಪ್ಪು ಉತ್ತರ ಕೊಟ್ಟು, ನಮ್ಮ ತಂಡವನ್ನು ಮುಳುಗಿಸುವವಳು ಪ್ರತಿ ವರ್ಷವೂ ನಾನೇ.

ನಾವಿರುವ ಮೆಕಿನ್ನಿಯಲ್ಲಿ ನಮ್ಮ ಬಡಾವಣೆಯ ಬೇಲಿಯಾಚೆ ಹತ್ತು ಎಕರೆ ಜಾಗದಲ್ಲಿ ಒಬ್ಬ ಅಮೆರಿಕನ್ ಅಜ್ಜ ಇದ್ದರು. ಅವರ ನಾಯಿಗಳ ಬೊಗಳಾಟದಿಂದ ನಮಗೆ ನಿದ್ದೆ ಇರಲಿಲ್ಲ. ಜಗಳ ಆಡಲೆಂದೇ ಒಂದು ಸಂಜೆ ಹೋದೆ. ಅವರು ನನ್ನ ಮಾತು ಮುಗಿಯುವವರೆಗೂ ಕೇಳಿ, "ಇವತ್ತು ರಾತ್ರಿ ಬಾ. ಇವು ಯಾಕೆ ಬೊಗಳುತ್ತವೆ ಅಂತ ತೋರಿಸ್ತೀನಿ" ಎಂದರು. ಅವರು ಆಡುತ್ತಿದ್ದುದು ಇಂಗ್ಲಿಷ್. ನನ್ನ ತಲೆಯಲ್ಲಿ ಅದು ಉಳಿದುಕೊಂಡಿರುವುದು ಕನ್ನಡದಲ್ಲಿ, ಹಾಗೇ ಬರೆಯುತ್ತಿದ್ದೇನೆ.

ಅವು ಕೂನ್‌ಹೌಂಡ್‌ಗಳು. ರಕೂನ್ ಎಂಬ, ಬೆಕ್ಕಿಗಿಂತ ದಪ್ಪನೆಯ ಪ್ರಾಣಿಯ ವಾಸನೆ ಹಿಡಿದು, ಅದನ್ನು ಮರ ಹತ್ತಿಸಿ, ನಾವು ಬರುವವರೆಗೂ ಬುಡದಲ್ಲಿ ನಿಂತು ಬೊಗಳುವುದೇ ಅವುಗಳ ಕೆಲಸ. ಸ್ಪರ್ಧೆಯಲ್ಲಿ ಯಾರೂ ಬಂದೂಕು ಒಯ್ಯುವುದಿಲ್ಲ. ಟಾರ್ಚ್ ಹಾಕಿ ರಕೂನನ್ನು ನೋಡಿ, ಪಾಯಿಂಟ್ ಬರೆದುಕೊಂಡು, ನಾಯಿಯನ್ನು ಕಟ್ಟಿಕೊಂಡು ಮುಂದೆ ಹೋಗುವುದು, ಅಷ್ಟೇ. ಮೊಟ್ಟೆಯನ್ನೂ ಮುಟ್ಟದ ನನಗೆ ಇದು ಒಪ್ಪಿಗೆಯಾಯಿತು. ರಕೂನ್ ಒಪ್ಪಿತ್ತೋ ಇಲ್ಲವೋ ಗೊತ್ತಿಲ್ಲ. ಎರಡು ವರ್ಷ ಅಜ್ಜನ ಹಿಂದೆ ಕಾಡು ಸುತ್ತಿದೆ. "ಅಮ್ಮಾವ್ರಿಗೆ ಈಗ ನಾಯಿ ಭಾಷೇನೂ ಬರತ್ತೆ. ನಾನು ಕೂಗಿದ್ರೆ ಮಾತ್ರ ಕೇಳ್ಸಲ್ಲ" ಎಂದು ಗಂಡ ರೇಗಿಸುತ್ತಿದ್ದ.

ಆಟವೆಲ್ಲ ಕಿವಿಯದ್ದು. ಕತ್ತಲೆಯಲ್ಲಿ ಬಿಟ್ಟ ನಾಯಿಗಳು ಕಣ್ಣಿಗೆ ಕಾಣುವುದಿಲ್ಲ. ಓಡುವಾಗಿನ ಬೊಗಳು ಬೇರೆ, ಮರದಡಿ ನಿಂತಾಗಿನ ಬೊಗಳು ಬೇರೆ. ದನಿ ಹಾಗೆ ಬದಲಾದ ಕೂಡಲೇ, ಅದು ನಿಮ್ಮ ನಾಯಿಯೇ ಎಂದು ಗುರುತಿಸಿ, ಅದರ ಹೆಸರು ಹೇಳಿ "ಟ್ರೀ!" ಎಂದು ಕೂಗಬೇಕು. ಮೊದಲು ಕೂಗಿದವರಿಗೆ ನೂರಿಪ್ಪತ್ತೈದು, ಎರಡನೆಯವರಿಗೆ ಎಪ್ಪತ್ತೈದು. ಕೂಗಿದ್ದು ಸುಳ್ಳಾದರೆ ಅಷ್ಟೂ ಮೈನಸ್. ಒಮ್ಮೆ ಬಾಯಿಂದ ಹೊರಬಿದ್ದರೆ ಹಿಂತೆಗೆದುಕೊಳ್ಳುವಂತಿಲ್ಲ. ಬೊಗಳಿದ್ದು ಯಾರ ನಾಯಿ ಎಂಬುದಕ್ಕೆ ಅದರ ಯಜಮಾನನ ಮಾತಿಗಿಂತ ದೊಡ್ಡ ಸಾಕ್ಷಿ ಅಲ್ಲಿ ಇಲ್ಲ.

ಅಜ್ಜನ ನಾಯಿಗಳಲ್ಲಿ ಮುಖ್ಯಳಾದವಳಿಗೆ ಒಂಬತ್ತು ವರ್ಷ. ಚಾಂಪಿಯನ್ ಎನ್ನಿಸಿಕೊಳ್ಳಲು ಅವಳಿಗೆ ಇನ್ನೊಂದೇ ಗೆಲುವು ಬೇಕಿತ್ತು. ಅಷ್ಟರಲ್ಲಿ ಅಜ್ಜನ ಮಂಡಿ ಕೈಕೊಟ್ಟಿತು. ಜಾಗವನ್ನು ಬಡಾವಣೆ ಕಟ್ಟುವವರಿಗೆ ಮಾರಿಬಿಟ್ಟಿದ್ದರು. ಮುಂದಿನ ವಾರ ಹ್ಯೂಸ್ಟನ್‌ನಲ್ಲಿ ಮಗಳ ಮನೆಗೆ ಹೊರಡುವವರು. ಅಲ್ಲಿ ರಾತ್ರಿ ನಾಯಿ ಬಿಡಲು ಕಾಡಿಲ್ಲ. ಆ ಶನಿವಾರದ ಸ್ಪರ್ಧೆಯೇ ಆ ನಾಯಿಯ ಕೊನೆಯದು. "ನೀನು ಹೋಗ್ತೀಯಾ? ಅವಳ ದನಿ ನನ್ನ ಬಿಟ್ರೆ ಗೊತ್ತಿರೋದು ನಿನಗೊಬ್ಬಳಿಗೇ" ಎಂದು ಕೇಳಿದರು. ಅಷ್ಟು ಹೆಮ್ಮೆ ನನಗೆ ಯಾವ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ. ಅವಳ ದನಿಗೆ ಒಂದು ಗುರುತಿತ್ತು. ಮರದಡಿ ಮೂರು ಸಲ ಬೊಗಳಿ, ಒಂದು ಉಸಿರು ನಿಲ್ಲಿಸಿ, ಮತ್ತೆ ಮೂರು ಸಲ ಬೊಗಳುತ್ತಿದ್ದಳು.

ನಮ್ಮ ಗುಂಪಿನಲ್ಲಿ ಮೂರು ನಾಯಿ. ಒಂದು ಮೊದಲ ಅರ್ಧ ಗಂಟೆಯಲ್ಲೇ ಜಿಂಕೆಯ ಹಿಂದೆ ಬಿದ್ದು ಹೊರಹಾಕಿಸಿಕೊಂಡಿತು. ಉಳಿದದ್ದು ನಾನು ಮತ್ತು ಒಬ್ಬ ಟ್ರಕ್ ಡ್ರೈವರ್. ಐವತ್ತೈದರ ಆಸುಪಾಸಿನವನು, ಒಂದು ಕಿವಿಯಲ್ಲಿ ಹಿಯರಿಂಗ್ ಏಡ್ ಇತ್ತು. ನಮ್ಮಿಬ್ಬರ ನಡುವೆ ಸ್ಕೋರ್ ಕಾರ್ಡ್ ಹಿಡಿದ ತೀರ್ಪುಗಾರ. ಅಜ್ಜ ಹಳ್ಳದ ಆಚೆಯ ಮಣ್ಣು ರಸ್ತೆಯಲ್ಲಿ ತಮ್ಮ ಪಿಕಪ್ ನಿಲ್ಲಿಸಿಕೊಂಡು, ಕಿಟಕಿ ಇಳಿಸಿಕೊಂಡು ಒಳಗೇ ಕುಳಿತಿದ್ದರು.

ಎರಡು ಗಂಟೆಯ ಆಟದಲ್ಲಿ ಹತ್ತು ನಿಮಿಷ ಉಳಿದಾಗ ಡ್ರೈವರ್ ನನಗಿಂತ ಇಪ್ಪತ್ತೈದು ಪಾಯಿಂಟ್ ಮುಂದಿದ್ದ. ನಾಯಿಗಳ ಸದ್ದೇ ಇರಲಿಲ್ಲ. ತೀರ್ಪುಗಾರ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಆಗ ಹಳ್ಳದ ಈ ಕಡೆಯಿಂದ ಒಂದು ದಪ್ಪ ದನಿ ಎದ್ದಿತು. ಒಂದು, ಎರಡು, ಮೂರು. ನಾನು ಆ ಉಸಿರಿಗೆ ಕಾಯಲಿಲ್ಲ. ಅವಳ ಹೆಸರು ಹಿಡಿದು ಗಂಟಲು ಹರಿಯುವಂತೆ "ಟ್ರೀ!" ಎಂದು ಕೂಗಿದೆ. ತೀರ್ಪುಗಾರ ಬರೆದುಕೊಂಡರೂ ಸಮಾಧಾನವಾಗದೆ, ಖುಷಿಗೆ ಅವಳ ಹೆಸರನ್ನು ಇನ್ನೊಮ್ಮೆ ಕೂಗಿದೆ. ಡ್ರೈವರ್ ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಆಮೇಲೆ ತನ್ನ ನಾಯಿಯನ್ನು ಎರಡನೆಯದಾಗಿ ಕೂಗಿದ.

ಕೆಸರಿನಲ್ಲಿ ಹೊರಟೆವು. ಆ ದನಿ ನಿಲ್ಲದೆ ಬೊಗಳುತ್ತಲೇ ಇತ್ತು. ನಾಲ್ಕು, ಐದು, ಆರು. ನಡುವೆ ಉಸಿರಿಲ್ಲ. ಅದು ಅವಳಲ್ಲ, ಡ್ರೈವರ್‌ನ ನಾಯಿ. ನಿಂತು ಕಿವಿಗೊಟ್ಟಾಗ ಹಳ್ಳದ ಆಚೆಯಿಂದ, ಬಹಳ ಸಣ್ಣಗೆ, ಅವಳ ದನಿ ಒಂದೇ ಒಂದು ಸಲ ಕೇಳಿಸಿ ನಿಂತುಹೋಯಿತು. ಮುಂದೆ ನಡೆಯುತ್ತಿದ್ದ ಇಬ್ಬರೂ ತಿರುಗಲಿಲ್ಲ. ಅವರಿಗೆ ಅದು ಕೇಳಿಸಿರಲಿಲ್ಲ.

ಮರದ ಹತ್ತಿರ ಅವಳಿರುವುದಿಲ್ಲ, ಮೈನಸ್ ಬೀಳುತ್ತದೆ, ಆಟ ಮುಗಿಯಿತು ಎಂದುಕೊಂಡೇ ಕಾಲೆಳೆದೆ. ಹೋಗಿ ನೋಡಿದರೆ ಎರಡೂ ನಾಯಿ ಅಲ್ಲಿದ್ದವು. ಅವಳು ಮುಂಗಾಲು ಮರಕ್ಕೆ ಊರಿ ಬೊಗಳುತ್ತಿದ್ದಳು, ಹೊಟ್ಟೆಯಿಂದ ಹಳ್ಳದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾವು ಬರುವಷ್ಟರಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡಿದ್ದಳು. ಟಾರ್ಚ್ ಬೆಳಕಿಗೆ ಮೇಲಿನ ಕೊಂಬೆಯಲ್ಲಿ ರಕೂನ್ ಸಿಕ್ಕಿತು. ತೀರ್ಪುಗಾರ ಕಾರ್ಡಿನ ಮೇಲೆ ಬರೆದರು: ನನಗೆ ನೂರಿಪ್ಪತ್ತೈದು, ಅವನಿಗೆ ಎಪ್ಪತ್ತೈದು. ಇಪ್ಪತ್ತೈದು ಪಾಯಿಂಟಿನಿಂದ ಚಾಂಪಿಯನ್!

ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇದು ನನಗಲ್ಲ, ಅಜ್ಜನಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವಾರ ಎಲ್ಲ ಬಿಟ್ಟು ಹೋಗುವವರು, ಇಷ್ಟಾದರೂ ಸಿಗಲಿ. ನಾಯಿ ಮರದಡಿಯಲ್ಲೇ ಇದೆ, ರಕೂನ್ ಮೇಲಿದೆ, ಸುಳ್ಳೇನು ಬಂತು? ಕೇರಂ ಬೋರ್ಡ್ ಎತ್ತಿ ಬಿಸಾಡುತ್ತಿದ್ದವಳು ಎಷ್ಟು ಬೇಗ ವಕೀಲಳಾದೆ!

ಸಹಿ ಹಾಕಲು ಕಾರ್ಡ್ ಮೊದಲು ಡ್ರೈವರ್ ಕೈಗೆ ಹೋಯಿತು. ಅವನು ಸಹಿ ಹಾಕಿ ನನ್ನ ಕೈ ಕುಲುಕಿದ. "ಚೆನ್ನಾಗಿ ಕೂಗಿದಿರಿ. ಮೊದಲು ಬೊಗಳಿದ್ದು ನಂದೇ ನಾಯಿ ಅಂತ ನಾನು ಆಣೆ ಇಟ್ಟು ಹೇಳ್ತಿದ್ದೆ" ಎಂದ. ಆಮೇಲೆ ಹಿಯರಿಂಗ್ ಏಡ್ ಮುಟ್ಟಿಕೊಂಡು, "ಇನ್ನು ಈ ಕಿವಿ ನಂಬೋ ಹಾಗಿಲ್ಲ. ಇದೇ ನನಗೂ ಕೊನೆ ವರ್ಷ ಅನ್ಸತ್ತೆ" ಎಂದು ನಗಲು ನೋಡಿದ.

ಪೆನ್ನು ನನ್ನ ಕೈಯಲ್ಲಿತ್ತು. ಗೆಲುವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ, ಅವನ ಕಿವಿಯನ್ನು ನುಂಗಲಾಗಲಿಲ್ಲ.

"ನಿಮ್ಮ ಕಿವಿ ಸರಿಯಾಗೇ ಇದೆ" ಎಂದೆ. "ಅದು ನಿಮ್ಮ ನಾಯೀನೇ. ನಾನು ತಪ್ಪಾಗಿ ಕೂಗಿದೆ. ದಾರೀಲಿ ಗೊತ್ತಾಯ್ತು, ಹೇಳಲಿಲ್ಲ."

ತೀರ್ಪುಗಾರ ಕಾರ್ಡ್ ವಾಪಸ್ ತೆಗೆದುಕೊಂಡು, ಬರೆದಿದ್ದರ ಮೇಲೆ ಗೀಟು ಹಾಕಿ ಮೈನಸ್ ಬರೆದರು. ಡ್ರೈವರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹೊರಡುವಾಗ ಅವನು ಎರಡು ಸಲ ತನ್ನ ನಾಯಿಯ ತಲೆ ಸವರಿದ್ದನ್ನು ನೋಡಿದೆ.

ಪಿಕಪ್ಪಿನ ಹತ್ತಿರ ಬಂದು ಅವಳನ್ನು ಹಿಂದಿನ ನಾಯಿಪೆಟ್ಟಿಗೆಗೆ ಹತ್ತಿಸಿ, ಸ್ಟೀರಿಂಗ್ ಹಿಂದೆ ಕುಳಿತೆ. ಪಕ್ಕದಲ್ಲಿದ್ದ ಅಜ್ಜನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಒಳಗೊಳಗೇ ಒಂದು ಆಸೆಯಿತ್ತು, ಸುಳ್ಳೇಕೆ ಹೇಳಲಿ. ಸೋತರೂ ನಿಜ ಹೇಳಿದೆ, ಭೇಷ್ ಅನ್ನುತ್ತಾರೆ, ಬೆನ್ನು ತಟ್ಟುತ್ತಾರೆ ಎಂದು ಕಾದೆ.

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. "ಹೇಳದೆ ಇನ್ನೇನು ಮಾಡ್ತಿದ್ದೆ?" ಎಂದರು, ನಾನು ಬಾಗಿಲು ಹಾಕಿಕೊಂಡು ಬಂದೆ ಎಂದು ಹೇಳಿದ್ದೇನೋ ಎಂಬಂತೆ.

ಹೆದ್ದಾರಿ ಸೇರಿದೆವು. ಆಮೇಲೆ ಕೇಳಿದರು. "ಅವಳು ಎಲ್ಲಿದ್ದಳು ಗೊತ್ತಾ?"

"ಹಳ್ಳದ ಆಚೆ ಎಲ್ಲೋ. ಒಂದು ಸಲ ಕೇಳಿಸ್ತು."

"ನಾನಿದ್ದ ಕಡೆಗೇ ಹತ್ತಿರ. ಅವಳದೇ ಬೇರೆ ಮರ. ಮೂರು ಬೊಗಳು, ಒಂದು ಉಸಿರು, ಮೂರು ಬೊಗಳು. ನಾನು ಇಲ್ಲಿ ಕೂತು ನೀನು ಕೂಗೋದನ್ನೇ ಕಾಯ್ತಿದ್ದೆ. ನೀನು ಕೂಗಿದೆ, ಆದರೆ ಬೇರೆ ನಾಯಿ ದನಿಗೆ. ಮತ್ತೆ ಇನ್ನೊಂದು ಸಲ ಕೂಗಿದೆ. ಆಮೇಲೆ ಸ್ವಲ್ಪದರಲ್ಲೇ ಅವಳು ಸುಮ್ಮನಾದಳು."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಳ್ಳ ಈಜಿ ಅವಳು ಬಂದದ್ದು ಇನ್ನೊಂದು ನಾಯಿಯನ್ನು ಸೇರಲು ಅಲ್ಲ.

"ಒಂಬತ್ತು ವರ್ಷದಲ್ಲಿ ಅವಳು ಹಿಡಿದ ಮರ ಬಿಟ್ಟವಳಲ್ಲ" ಎಂದರು ಅಜ್ಜ. "ಗುಡುಗಿಗೆ ಬಿಟ್ಟಿಲ್ಲ. ಹೋದ ವರ್ಷ ನಾನು ಬಿದ್ದು ಅರಚಿಕೊಂಡಾಗಲೂ ಬಿಡಲಿಲ್ಲ. ನೀನು ಕರೆದೆ ಅಂತ ಬಿಟ್ಟು ಬಂದಳು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಡ್ರೈವರ್‌ನ ಮುಂದೆ ತಪ್ಪೊಪ್ಪಿಕೊಂಡು ಹಗುರಾಗಿದ್ದೆ. ಇವಳ ಮುಂದೆ ಯಾವ ಭಾಷೆಯಲ್ಲಿ ಒಪ್ಪಿಕೊಳ್ಳಲಿ?

ಅವರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಪೆಟ್ಟಿಗೆಯ ಬಾಗಿಲು ತೆಗೆದೆ. ಅಜ್ಜ ಕೋಲೂರಿಕೊಂಡು ನಿಂತು ಕೈ ಚಾಚಿದ್ದರು. ಅವಳು ಕೆಳಗೆ ಹಾರಿ, ಅವರ ಕೈಯನ್ನು ಒಮ್ಮೆ ಮೂಸಿ, ಸೀದಾ ನನ್ನ ಹತ್ತಿರ ಬಂದು ನನ್ನ ಕಾಲಿಗೆ ಮೈ ಒರಗಿಸಿ ನಿಂತಳು.